ಪಾಲಿಸಿಗೆ ಎಷ್ಟು ಸ್ಟಾರ್ ಅಂತ ಕೇಳಿದ ಅಕ್ಕೋರಿಗೆ

ಕಲಬುರಗಿಯ ಬ್ರಹ್ಮಪುರದಿಂದ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: "ನನ್ನ ಮಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಳೆ. ಜನವರಿ ಚಳಿಯಲ್ಲಿ ಅವರ ಮನೆ ಬೆಚ್ಚಗಿಡುವ ಬಾಯ್ಲರ್ ನಿಂತಿತು. ಒಂದು ಫೋನ್ ಮಾಡಿದರು, ಸಂಜೆಯೊಳಗೆ ರಿಪೇರಿಯವನು ಬಂದ, ದುಡ್ಡು ಇನ್ಶೂರೆನ್ಸ್‌ನವರೇ ಕೊಟ್ಟರು. ಅದು 5 ಸ್ಟಾರ್ ಪಾಲಿಸಿಯಂತೆ. ಈ ಸ್ಟಾರ್ ಯಾರು ಕೊಡುತ್ತಾರೆ? ನಮ್ಮ ಏಜೆಂಟ್ ತಂದ ಮನೆ ಪಾಲಿಸಿಗೆ ಎಷ್ಟು ಸ್ಟಾರ್ ಅಂತ ಕೇಳಿದರೆ 'ಎಲ್ಲಾ ಕವರ್ ಆಗ್ತದ ಬಿಡ್ರಿ' ಅಂದರು. ಮುಂದಿನ ವರ್ಷ ಆರು ತಿಂಗಳು ಮಗಳ ಹತ್ತಿರ ಹೋಗಬೇಕು. ಬೀಗ ಹಾಕುವ ಮೊದಲು ಇದನ್ನು ಮಾಡಿಸಲಾ?"

ಅಕ್ಕೋರೇ, ನಮಸ್ಕಾರ.

ಮಾಡಿಸಿ. ಆದರೆ ಆ "ಎಲ್ಲಾ ಕವರ್ ಆಗ್ತದ" ಅನ್ನೋ ಮಾತನ್ನು ನಂಬಿ ಮಾಡಿಸಬೇಡಿ. ಇದೇ ಮಾತು ಕೇಳಿ ನಾನೂ ಸಹಿ ಹಾಕಿದ್ದೆ. ಒಂದು ಬೇಸಿಗೆಯಲ್ಲಿ ವೋಲ್ಟೇಜ್ ಏರುಪೇರಾಗಿ ನಮ್ಮ ಮನೆಯ ಬೋರ್ ಮೋಟಾರೂ ಫ್ರಿಜ್ಜೂ ಒಂದೇ ರಾತ್ರಿ ಸುಟ್ಟವು. ಕಂಪನಿಗೆ ಬರೆದೆ, ಕ್ಲೇಮ್ ಬರಲ್ಲ ಅಂತ ಉತ್ತರ ಬಂತು. ಸಿಟ್ಟಿನಲ್ಲಿ ಪಾಲಿಸಿ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಅವರು ಬರೆದದ್ದು ಅಲ್ಲೇ ಇತ್ತು: ಶಾರ್ಟ್ ಸರ್ಕ್ಯೂಟ್ ಅಥವಾ ಹೆಚ್ಚು ವೋಲ್ಟೇಜಿನಿಂದ ಸುಟ್ಟ ಯಂತ್ರಕ್ಕೆ ದುಡ್ಡಿಲ್ಲ, ಅದರಿಂದ ಬೆಂಕಿ ಹತ್ತಿ ಪಕ್ಕದ ಸಾಮಾನು ಸುಟ್ಟರೆ ಆ ಸಾಮಾನಿಗೆ ಉಂಟು. ಏಪ್ರಿಲ್, ಮೇನಲ್ಲಿ ಕೂಲರ್ ಇಲ್ಲದೆ ಬದುಕೋಕೆ ಆಗದ ಊರು ನಮ್ಮದು. ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು, ನಾನು ಕೇಳಿರಲಿಲ್ಲ.

ಈಗ ನಿಮ್ಮ ಸ್ಟಾರ್ ವಿಷಯ. ನಿಮ್ಮ ಮಗಳ ಹತ್ತಿರ ಇರೋದು ಮನೆ ತುರ್ತು ವಿಮೆ. ನಿಮ್ಮ ಏಜೆಂಟ್ ತಂದದ್ದು ಮನೆ ವಿಮೆ. ಹೆಸರು ಹತ್ತಿರ, ಕೆಲಸ ಬೇರೆ. ಮೊದಲನೆಯದು ಆಳು ಕಳಿಸುತ್ತದೆ, ಎರಡನೆಯದು ದುಡ್ಡು ಕಳಿಸುತ್ತದೆ. ಬಾಯ್ಲರ್ ನಿಂತರೆ, ಪೈಪ್ ಒಡೆದರೆ, ಚರಂಡಿ ಕಟ್ಟಿದರೆ, ಕರೆಂಟ್ ಹೋದರೆ, ಕೀಲಿ ಕಳೆದರೆ ಅಲ್ಲಿ ಮನುಷ್ಯ ಬಂದು ತೊಂದರೆ ನಿಲ್ಲಿಸಿ ಹೋಗುತ್ತಾನೆ. ಆ ನೀರಿಗೆ ನೆಂದ ಗೋಡೆ, ಹಾಸಿಗೆ ಅವನ ಲೆಕ್ಕಕ್ಕೆ ಬರಲ್ಲ, ಅದಕ್ಕೆ ಮನೆ ವಿಮೆಯೇ ಬೇಕು.

ಬ್ರಿಟನ್ನಿನಲ್ಲಿ ಡಿಫ್ಯಾಕ್ಟೋ ಅನ್ನೋ ಸಂಸ್ಥೆ ಇಂಥ ಪಾಲಿಸಿಗಳಿಗೆ 1ರಿಂದ 5ರವರೆಗೆ ಸ್ಟಾರ್ ಕೊಡುತ್ತದೆ. ಅವರು ನೋಡೋದು ಪಾಲಿಸಿಯ ಕಾಗದವನ್ನು. ಒಂದು ಸಲ ಬಂದರೆ ಎಷ್ಟು ಪೌಂಡ್‌ವರೆಗೆ ಖರ್ಚು ಕೊಡುತ್ತಾರೆ, ವರ್ಷಕ್ಕೆ ಎಷ್ಟು ಸಲ ಕರೆಯಬಹುದು, ಬಾಯ್ಲರ್ ಎಷ್ಟು ವರ್ಷ ಹಳೆಯದಾದರೆ ಕೈಬಿಡುತ್ತಾರೆ, ಮನೆಯಲ್ಲಿ ಇರೋಕೆ ಆಗದಿದ್ದರೆ ಹೋಟೆಲ್ ಖರ್ಚು ಇದೆಯಾ, ಇಂಥವು. ಕಾಗದದಲ್ಲಿ ಸವಲತ್ತು ಜಾಸ್ತಿ ಇದ್ದಷ್ಟೂ ಸ್ಟಾರ್ ಜಾಸ್ತಿ. ಬೆಲೆಯನ್ನು ಅದರಲ್ಲಿ ಹಿಡಿಯಲ್ಲ. ಹಾಗಾಗಿ 5 ಸ್ಟಾರ್ ಅಂದರೆ ತುಂಬಿದ ಪಾಲಿಸಿ, ಅಷ್ಟೇ. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುತ್ತಾರಾ ಅನ್ನೋದು ಬೇರೆ ಪ್ರಶ್ನೆ.

ಆ ಬೇರೆ ಪ್ರಶ್ನೆಗೂ ಅಲ್ಲಿ ಸ್ವಲ್ಪ ಉತ್ತರ ಸಿಗುತ್ತದೆ, ನನಗೆ ಬಹಳ ಇಷ್ಟವಾದ ವ್ಯವಸ್ಥೆ ಅದು. ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಎ, ಮನೆ ತುರ್ತು ವಿಮೆಯೂ ಸೇರಿ ಹಲವು ಪಾಲಿಸಿಗಳ ಅಂಕಿಗಳನ್ನು ಕಂಪನಿಯ ಹೆಸರು ಸಮೇತ ಹೊರಗಿಡುತ್ತದೆ. ಎಷ್ಟು ಜನ ಕ್ಲೇಮ್ ಮಾಡಿದರು, ಅದರಲ್ಲಿ ಎಷ್ಟು ಒಪ್ಪಿದರು, ಸರಾಸರಿ ಎಷ್ಟು ಕೊಟ್ಟರು. ಮೂರನ್ನೂ ಜೊತೆಗೆ ಓದಬೇಕು. ನೂರಕ್ಕೆ ತೊಂಬತ್ತೈದು ಕ್ಲೇಮ್ ಒಪ್ಪಿದರು ಅಂತ ಖುಷಿಪಟ್ಟು, ಕೊಟ್ಟದ್ದು ಚಿಲ್ಲರೆ ದುಡ್ಡು ಅಂತ ಆಮೇಲೆ ಗೊತ್ತಾದರೆ ಏನು ಉಪಯೋಗ? ಮಗಳಿಗೆ ಹೇಳಿ, ನವೀಕರಿಸುವ ಮೊದಲು ಸ್ಟಾರ್ ಒಂದೇ ಅಲ್ಲ, ಆ ಪಟ್ಟಿಯನ್ನೂ ನೋಡಲಿ. ಬಾಯ್ಲರ್ ಸರ್ವಿಸ್ ಮಾಡಿಸಿದ ರಸೀದಿಯನ್ನೂ ಇಟ್ಟುಕೊಳ್ಳಲಿ, ಎಷ್ಟೋ ಪಾಲಿಸಿಗಳು ವರ್ಷಕ್ಕೊಂದು ಸರ್ವಿಸ್ ಕೇಳುತ್ತವೆ.

ಇನ್ನು ನಮ್ಮ ಕಡೆ. 2021ರ ಏಪ್ರಿಲ್ 1ರಿಂದ ನಮ್ಮ ದೇಶದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 'ಭಾರತ್ ಗೃಹ ರಕ್ಷಾ' ಅನ್ನೋ ಮನೆ ಪಾಲಿಸಿ ತಂದಿತು. ಯಾವ ಕಂಪನಿಯಿಂದ ತಗೊಂಡರೂ ಅದರ ಮೂಲ ಮಾತು ಒಂದೇ. ಹಾಗಾಗಿ ಮೂಲ ಪಾಲಿಸಿಗೆ ಎಷ್ಟು ಸ್ಟಾರ್ ಅಂತ ಹುಡುಕೋದು ಸುಮ್ನೆ. ಏಜೆಂಟ್ ತಂದದ್ದು ಅದೇನಾ ಅಂತ ಹೆಸರು ನೋಡಿ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆದ ಹಾನಿ ಎಲ್ಲ ಅದರಲ್ಲಿ ಇವೆ. ನಮ್ಮ ಭಾಗಕ್ಕೆ ಇವು ದೂರದ ಮಾತಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿದ್ದು ನಿಮಗೆ ನೆನಪಿದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪವನ್ನು ನಿಮ್ಮ ವಯಸ್ಸಿನವರು ಮರೆತಿರಲ್ಲ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿಯ ಗಡಿಕೇಶ್ವರದಲ್ಲಿ ನೆಲ ಮತ್ತೆ ಮತ್ತೆ ನಡುಗಿ ಜನ ಊರು ಬಿಟ್ಟಿದ್ದರು.

ಎಷ್ಟಕ್ಕೆ ವಿಮೆ ಮಾಡಿಸಬೇಕು ಅನ್ನೋದರಲ್ಲಿ ಬಹಳ ಜನ ತಪ್ಪುತ್ತಾರೆ. ಜಾಗದ ಬೆಲೆ ಇದರಲ್ಲಿ ಬರಲ್ಲ, ಜಾಗ ಎಲ್ಲೂ ಹೋಗಲ್ಲ ಅಲ್ವಾ. ಮನೆಯ ಕಾರ್ಪೆಟ್ ಅಳತೆಯನ್ನು (ಗೋಡೆಗಳ ಒಳಗಿನ ನೆಲದ ಅಳತೆ) ಇವತ್ತು ಕಟ್ಟುವ ಖರ್ಚಿನಿಂದ ಗುಣಿಸಿ. 1,000 ಚದರ ಅಡಿ, ಅಡಿಗೆ 1,800 ರೂಪಾಯಿ ಅಂತಿಟ್ಟುಕೊಂಡರೆ 18 ಲಕ್ಷ. ಒಳಗಿನ ಸಾಮಾನಿಗೆ ಇದರ ನೂರಕ್ಕೆ 20 ಭಾಗ, ಅಂದರೆ 3 ಲಕ್ಷ 60 ಸಾವಿರ, ತಾನಾಗಿಯೇ ಸೇರುತ್ತದೆ (ಮಿತಿ 10 ಲಕ್ಷ). ಸೈಟ್ ಸೇರಿಸಿ 60 ಲಕ್ಷಕ್ಕೆ ಬರೆಸಿಕೊಂಡರೆ ಪ್ರೀಮಿಯಂ ಮಾತ್ರ ಜಾಸ್ತಿ ಕಟ್ಟುತ್ತೀರಿ.

ನಿಮಗೆ ಮುಖ್ಯವಾದದ್ದು ಇದು: ಕಳ್ಳತನ. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ದುಡ್ಡು ಸಿಗೋದು ಬೆಂಕಿ, ಪ್ರವಾಹದಂಥ ಘಟನೆ ಆದ 7 ದಿನದೊಳಗೆ ಅದರ ಕಾರಣಕ್ಕೇ ಕದ್ದರೆ ಮಾತ್ರ. ಶರಣಬಸವೇಶ್ವರ ಜಾತ್ರೆಗೆ ಹೋದಾಗ ಬೀಗ ಮುರಿದರು ಅಂದರೆ ಇಲ್ಲ. ಅದಕ್ಕೆ ಕಳ್ಳತನದ ಕವರ್ ಬೇರೆ ಸೇರಿಸಬೇಕು, ಮೋಟಾರು ಫ್ರಿಜ್ಜಿಗೂ ಬೇರೆ. ಮನೆ ಸಾಮಾನಿನ ಪ್ಯಾಕೇಜ್ ಪಾಲಿಸಿಗಳಲ್ಲಿ ಇವೆರಡೂ ಸಿಗುತ್ತವೆ. ಮಾಳಿಗೆ ವರ್ಷಗಟ್ಟಲೆ ಸೋರಿ ಗೋಡೆ ಹಾಳಾದರೆ ಯಾರೂ ಕೊಡಲ್ಲ. ಅದನ್ನು ಮಳೆಗಾಲಕ್ಕೆ ಮೊದಲೇ ಗೌಂಡಿ ಕರೆಸಿ ಸರಿಮಾಡಿಸೋದೇ ದಾರಿ.

ಕಂಪನಿ ಆರಿಸುವಾಗ ಕ್ಲೇಮ್ ಅನುಪಾತ ಅಂತ ಒಂದು ಅಂಕಿ ತೋರಿಸುತ್ತಾರೆ. ಬಂದ ಪ್ರೀಮಿಯಂನಲ್ಲಿ ಎಷ್ಟು ಭಾಗ ಕ್ಲೇಮಿಗೆ ಹೋಯಿತು ಅನ್ನೋ ಲೆಕ್ಕ ಅದು. ಕಂಪನಿಯ ಒಟ್ಟು ಅಂಕಿಯಲ್ಲಿ ಕಾರು, ಆಸ್ಪತ್ರೆ ಎಲ್ಲ ಸೇರಿರುತ್ತದೆ, ಅದರಿಂದ ನಿಮ್ಮ ಮನೆಯ ಕ್ಲೇಮ್ ಏನಾಗುತ್ತದೆ ಅಂತ ಗೊತ್ತಾಗಲ್ಲ. ಅದಕ್ಕಿಂತ ನಿಮ್ಮ ಓಣಿಯಲ್ಲಿ ಮನೆ ಕ್ಲೇಮ್ ಮಾಡಿದವರು ಯಾರಾದರೂ ಇದ್ದರೆ ಅವರನ್ನು ಕೇಳಿ. ಹಾನಿ ಲೆಕ್ಕಹಾಕುವ ಸರ್ವೇಯರ್ ಎಷ್ಟು ದಿನಕ್ಕೆ ಬಂದರು, ಕೇಳಿದ್ದೆಷ್ಟು, ಬಂದದ್ದೆಷ್ಟು ಅಂತ ಅವರು ಹೇಳುತ್ತಾರೆ. ಕಂಪನಿ ಅನ್ಯಾಯ ಮಾಡಿದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ವಿಮೆ ದೂರುಗಳನ್ನು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು, ಫೀಸ್ ಇಲ್ಲ, ವಕೀಲರೂ ಬೇಡ. ಐಆರ್‌ಡಿಎಐ ಸಹಾಯವಾಣಿ 155255.

ನೀವು ಆರು ತಿಂಗಳು ಬೀಗ ಹಾಕುತ್ತೀರಿ. ಮನೆ ಅಷ್ಟು ದಿನ ಖಾಲಿ ಇದ್ದರೆ ಪಾಲಿಸಿ ನಡೆಯುತ್ತದಾ, ಮೊದಲೇ ತಿಳಿಸಬೇಕಾ ಅನ್ನೋದನ್ನು ಏಜೆಂಟ್‌ಗೆ ಬಾಯಿಮಾತಲ್ಲಿ ಕೇಳಬೇಡಿ. ಕಂಪನಿಗೆ ಈಮೇಲ್ ಮಾಡಿ, ಉತ್ತರವನ್ನು ಮಗಳಿಗೂ ಕಳಿಸಿ. ಹೊರಡುವ ದಿನ ಮೇಲಿನ ಟ್ಯಾಂಕ್ ಖಾಲಿ ಮಾಡಿ, ವಾಲ್ವ್ ಮುಚ್ಚಿ, ಒಂದು ಕೀಲಿ ಪಕ್ಕದ ಮನೆಯವರ ಕೈಗೆ ಕೊಡಿ. ಗೋಡೆ, ಸಾಮಾನು, ಕಪಾಟು ಎಲ್ಲದರ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಪಾಲಿಸಿ ಕಾಗದ ಕೈಗೆ ಬಂದಾಗ ಅದರ ಪ್ರತಿಯೊಂದನ್ನು ನಮಗೆ ಕಳಿಸಿ, ನಿಮ್ಮ ಜೊತೆ ಕೂತು ನಾನೇ ಓದುತ್ತೇನೆ.

— ಸಂಪಾದಕ