ಓದುಗರ ಪ್ರಶ್ನೆ: ಕಾಲುವೆ ದೋಣಿಯಲ್ಲಿ ಒಂದು ವಾರ

ಪ್ರಶ್ನೆ: ಜೂನ್‌ನಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋಗುತ್ತಿದ್ದೇವೆ. ಒಂದು ವಾರಕ್ಕೆ ನ್ಯಾರೋಬೋಟ್ (ಕಿರಿದಾದ ಕಾಲುವೆ ದೋಣಿ) ಬಾಡಿಗೆಗೆ ಹಿಡಿದು ‘ಫೋರ್ ಕೌಂಟೀಸ್ ರಿಂಗ್’ ಎಂಬ ಕಾಲುವೆಗಳ ಸುತ್ತುದಾರಿಯನ್ನು ಸುತ್ತಿ ಬರೋಣ ಎಂಬುದು ಅಳಿಯನ ಯೋಚನೆ. ನಾವಿಬ್ಬರೂ ಅರವತ್ತು ದಾಟಿದವರು. ಏಳು ದಿನಕ್ಕೆ 110 ಮೈಲಿ ಏನೂ ಹೆಚ್ಚಲ್ಲ ಅಲ್ಲವೇ?

ಉತ್ತರ: ಹೆಚ್ಚು, ತುಂಬಾ ಹೆಚ್ಚು. ಕಾಲುವೆ ಪ್ರವಾಸವನ್ನು ಮೈಲಿಯಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಅಲ್ಲಿನ ಕಾಲುವೆಗಳಲ್ಲಿ ವೇಗದ ಮಿತಿಯೇ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹಾದುಹೋಗುವಾಗ ಅದಕ್ಕೂ ನಿಧಾನವಾಗಬೇಕು. ಇಲ್ಲದಿದ್ದರೆ ನಿಮ್ಮ ದೋಣಿಯ ಸೆಳೆತಕ್ಕೆ ಅವರ ಗೂಟವೇ ಕಿತ್ತು ಬರುತ್ತದೆ. ಆದ್ದರಿಂದ ಗಂಟೆಗೆ 3 ಮೈಲಿ, ಒಂದೊಂದು ಲಾಕ್‌ಗೆ (ದೋಣಿಯನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿ) 15 ನಿಮಿಷ ಎಂದು ಲೆಕ್ಕ ಹಾಕಿ. ಆ ಸುತ್ತಿನಲ್ಲಿ 94 ಲಾಕ್‌ಗಳಿವೆ. 110 ಮೈಲಿಗೆ 37 ಗಂಟೆ, ಎಲ್ಲಾ ಲಾಕ್‌ಗಳಿಗೆ ಇಪ್ಪತ್ಮೂರೂವರೆ ಗಂಟೆ, ಒಟ್ಟು 60 ಗಂಟೆ. ಹೇರ್‌ಕಾಸಲ್ ಸುರಂಗದಲ್ಲಿ ಒಂದು ದಿಕ್ಕಿನ ದೋಣಿಗಳನ್ನು ಮಾತ್ರ ಒಮ್ಮೆಗೆ ಬಿಡುತ್ತಾರೆ, ಅಲ್ಲಿ ಕಾಯುವ ಹೊತ್ತು ಬೇರೆ. ದೋಣಿ ಸಾಮಾನ್ಯವಾಗಿ ಮೊದಲ ದಿನ ಮಧ್ಯಾಹ್ನದ ಮೇಲೆ ಕೈಗೆ ಸಿಗುತ್ತದೆ, ಕೊನೆಯ ದಿನ ಬೆಳಿಗ್ಗೆ 9ರ ಹೊತ್ತಿಗೆ ವಾಪಸು ಕೊಡಬೇಕು. ಕತ್ತಲಾದ ಮೇಲೆ ಬಾಡಿಗೆ ದೋಣಿ ಓಡಿಸುವಂತಿಲ್ಲ. ಉಳಿದ ಆರು ದಿನ ದಿನಕ್ಕೆ ಒಂಬತ್ತು–ಹತ್ತು ಗಂಟೆ ದುಡಿಯಬೇಕಾಗುತ್ತದೆ. ಅದು ವಿರಾಮದ ಪ್ರವಾಸವಲ್ಲ.

ಸುತ್ತುವ ದಾರಿಗೆ ಇನ್ನೊಂದು ತೊಡಕಿದೆ. ಅರ್ಧ ದಾರಿ ದಾಟಿದ ಮೇಲೆ ಒಂದು ಲಾಕ್ ಕೆಟ್ಟು ಮುಚ್ಚಿದರೆ ಮುಂದೆಯೂ ಹೋಗಲಾಗದು, ಹಿಂದಿರುಗಲು ದಿನವೂ ಸಾಲದು. ಹೋದ ದಾರಿಯಲ್ಲೇ ಮರಳುವ ಪ್ರವಾಸದಲ್ಲಿ ಈ ಆತಂಕವಿಲ್ಲ. ನಿಮಗೆ ಲ್ಯಾಂಗೋಲನ್ ಕಾಲುವೆ ಹೇಳಿ ಮಾಡಿಸಿದಂತಿದೆ. ಇಡೀ ಕಾಲುವೆಯಲ್ಲಿ 21 ಲಾಕ್‌ಗಳಿದ್ದರೂ ವಿಟ್‌ಚರ್ಚ್ ಊರಿನ ಆಸುಪಾಸಿನಿಂದ ಹೊರಟರೆ ಲ್ಯಾಂಗೋಲನ್‌ವರೆಗಿನ ಸುಮಾರು 30 ಮೈಲಿಗೆ ನ್ಯೂ ಮಾರ್ಟನ್‌ನ ಎರಡೇ ಲಾಕ್ ಸಿಗುತ್ತವೆ. ಆದರೆ ಇದು ನಿಂತ ನೀರಿನ ಕಾಲುವೆಯಲ್ಲ. ಡೀ ನದಿಯಿಂದ ಕುಡಿಯುವ ನೀರನ್ನು ಹರ್ಲ್‌ಸ್ಟನ್ ಜಲಾಶಯಕ್ಕೆ ಒಯ್ಯುವುದರಿಂದ ಹರಿವು ಎದುರಿಗಿರುತ್ತದೆ. ಹೋಗುವಾಗ ಗಂಟೆಗೆ ಎರಡೂವರೆ ಮೈಲಿ ಎಂದುಕೊಳ್ಳಿ. 12 ಗಂಟೆಯ ಪಯಣ, ಲಾಕ್‌ಗಳಿಗೆ, ಎತ್ತುವ ಸೇತುವೆಗಳಿಗೆ, ಒಂದೇ ದೋಣಿ ಹಿಡಿಸುವ ಇಕ್ಕಟ್ಟಿನ ಜಾಗಗಳಿಗೆ ಇನ್ನೆರಡು ಗಂಟೆ. ದಿನಕ್ಕೆ ಐದು ಗಂಟೆಯಂತೆ ಮೂರು ದಿನ ಹೋಗಲು, ಮೂರು ದಿನ ಬರಲು. ಎಲ್ಸ್‌ಮಿಯರ್‌ನ ಕೆರೆಗಳ ಬಳಿ ಅರ್ಧ ದಿನ ನಿಂತರೂ ಲೆಕ್ಕ ತಪ್ಪುವುದಿಲ್ಲ.

ದೋಣಿ ತಿರುಗಿಸಲು ಕಾಲುವೆಯನ್ನು ಅಗಲ ಮಾಡಿದ ‘ವಿಂಡಿಂಗ್ ಹೋಲ್’ಗಳಿರುತ್ತವೆ. ಎಲ್ಲಾ ಕಡೆ ಎಲ್ಲಾ ಉದ್ದದ ದೋಣಿ ತಿರುಗುವುದಿಲ್ಲ, ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಪ್ರಶ್ನೆ: ಲಾಕ್‌ಗಳನ್ನು ನಾವೇ ತೆರೆದು ಮುಚ್ಚಬೇಕಂತೆ. ಅಪಾಯವಿಲ್ಲವೇ? ದೋಣಿ ಮುಳುಗಿದ ಚಿತ್ರಗಳನ್ನು ನೋಡಿ ಹೆದರಿಕೆಯಾಗಿದೆ.

ಉತ್ತರ: ಆ ಹೆದರಿಕೆಯಲ್ಲಿ ಅರ್ಥವಿದೆ. ಆದರೆ ಕಾರಣ ಗೊತ್ತಿದ್ದರೆ ಅಪಾಯ ದೂರ. ಲಾಕ್ ಎಂದರೆ ಎರಡೂ ತುದಿಗೆ ಗೇಟಿರುವ ಕಿರಿದಾದ ತೊಟ್ಟಿ. ನೀರು ತುಂಬಿಸಿ ದೋಣಿಯನ್ನು ಮೇಲೇರಿಸುತ್ತದೆ, ಖಾಲಿ ಮಾಡಿ ಕೆಳಗಿಳಿಸುತ್ತದೆ. ನೀರು ಬಿಡುವುದು ತೂಬುಗಳಿಂದ. ಅಲ್ಲಿ ಅವನ್ನು ಪ್ಯಾಡಲ್ ಎನ್ನುತ್ತಾರೆ. ವಿಂಡ್‌ಲಸ್ ಎಂಬ ಡೊಂಕು ಕಬ್ಬಿಣದ ಹಿಡಿಯಿಂದ ತಿರುಗಿಸಿ ತೂಬನ್ನು ಎತ್ತಬೇಕು.

ಏರುವಾಗ: ದೋಣಿ ಒಳಬಂದ ಮೇಲೆ ಕೆಳಗಿನ ಗೇಟು ಮುಚ್ಚಿ, ಅದರ ತೂಬು ಪೂರ್ತಿ ಇಳಿದಿದೆಯೇ ನೋಡಿ. ನಂತರ ಮೇಲಿನ ತುದಿಯಲ್ಲಿ ದಡದ ನೆಲದಲ್ಲಿರುವ ತೂಬನ್ನು ಮೊದಲು ಅರ್ಧ ಎತ್ತಿ, ದೋಣಿ ಹಿಂದೆ ಮುಂದೆ ಎಳೆದಾಡುವುದು ನಿಂತ ಮೇಲೆ ಪೂರ್ತಿ ಎತ್ತಿ. ಗೇಟಿನಲ್ಲೇ ಇರುವ ತೂಬನ್ನು ಆತುರಪಟ್ಟು ತೆರೆದರೆ ನೀರು ನೇರ ಮುಂದಿನ ಡೆಕ್‌ಗೆ ಧುಮುಕುತ್ತದೆ. ದೋಣಿಯ ಮೂತಿ ಗೇಟಿನ ಅಡ್ಡಪಟ್ಟಿಯ ಕೆಳಗೆ ಸಿಕ್ಕಿಕೊಂಡಿಲ್ಲವೆಂದು ಒಬ್ಬರು ನೋಡುತ್ತಲೇ ಇರಬೇಕು.

ಇಳಿಯುವಾಗಲೇ ಹೆಚ್ಚು ಎಚ್ಚರ ಬೇಕು. ಮೇಲಿನ ಗೇಟಿನ ಬುಡದಲ್ಲಿ ತೊಟ್ಟಿಯೊಳಕ್ಕೆ ಚಾಚಿಕೊಂಡ ಕಲ್ಲಿನ ಹೊಸ್ತಿಲಿದೆ. ತೊಟ್ಟಿ ತುಂಬಿದ್ದಾಗ ಅದು ನೀರಿನಡಿ ಕಾಣುವುದೇ ಇಲ್ಲ. ಎಲ್ಲಿಯವರೆಗಿದೆ ಎಂಬುದಕ್ಕೆ ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ, ಚುಕ್ಕಾಣಿಯೂ ಸೇರಿ, ಆ ಗೆರೆಯಿಂದ ಮುಂದೆಯೇ ಇರಬೇಕು. ಮಾತಿನ ಗುಂಗಿನಲ್ಲಿ ಎರಡಡಿ ಹಿಂದೆ ಸರಿದರೆ ನೀರಿಳಿದಂತೆ ಹಿಂಭಾಗ ಹೊಸ್ತಿಲ ಮೇಲೆ ಕೂರುತ್ತದೆ, ಮೂತಿ ಇಳಿಯುತ್ತಾ ಹೋಗಿ ಮುಂದಿನಿಂದ ನೀರು ನುಗ್ಗುತ್ತದೆ. ನೀವು ನೋಡಿದ ಚಿತ್ರಗಳಲ್ಲಿ ಹಲವು ಹೀಗೇ ಆದವು. ದೋಣಿ ವಾಲುತ್ತಿದೆ ಎನಿಸಿದೊಡನೆ ಕೆಳಗಿನ ತೂಬುಗಳನ್ನು ಮುಚ್ಚಿಬಿಡಿ. ಆಮೇಲೆ ಮೇಲಿನದನ್ನು ನಿಧಾನಕ್ಕೆ ತೆರೆದು ದೋಣಿಯನ್ನು ಮತ್ತೆ ತೇಲಿಸಿ. ಅವಸರಕ್ಕೆ ಮೇಲಿನ ತೂಬನ್ನೇ ಮೊದಲು ತೆರೆಯಬೇಡಿ. ಇಳಿಯುವಾಗ ಹಗ್ಗವನ್ನು ಬಿಗಿಯಾಗಿ ಕಟ್ಟಿದರೂ ದೋಣಿ ಅದರಲ್ಲೇ ನೇತಾಡುತ್ತದೆ. ಹಗ್ಗ ಕೈಯಲ್ಲಿ ಸಡಿಲವಾಗಿರಲಿ.

ವಿಂಡ್‌ಲಸ್ಸನ್ನು ಹಲ್ಲಿನ ಚಕ್ರದ ಮೇಲೆ ಬಿಟ್ಟು ದೂರ ಸರಿಯಬೇಡಿ. ತಡೆಗೊಂಡಿ ಜಾರಿದರೆ ಅದು ಗಿರ್ರನೆ ತಿರುಗಿ ಹಾರುತ್ತದೆ, ಕೈ, ಮುಖ ಒಡೆದುಹೋಗುತ್ತದೆ. ಗೇಟು ಅಲುಗದಿದ್ದರೆ ಅದು ನಿಮ್ಮ ಶಕ್ತಿಯ ಕೊರತೆಯಲ್ಲ, ಎರಡೂ ಬದಿಯ ನೀರು ಇನ್ನೂ ಸಮವಾಗಿಲ್ಲ ಎಂದರ್ಥ. ಎರಡು ನಿಮಿಷ ಕಾದು ಮರದ ತೊಲೆಗೆ ಬೆನ್ನು ಕೊಟ್ಟು ಹಿಂದಕ್ಕೆ ನಡೆಯಿರಿ, ತಾನಾಗಿ ತೆರೆಯುತ್ತದೆ.

ಪ್ರಶ್ನೆ: ದೋಣಿ ಓಡಿಸಲು ಲೈಸೆನ್ಸ್ ಬೇಕೇ?

ಉತ್ತರ: ಬಾಡಿಗೆಯ ನ್ಯಾರೋಬೋಟ್‌ಗೆ ಬೇಡ. ಹೊರಡುವ ಮುನ್ನ ತೋರಿಸಿಕೊಡುತ್ತಾರೆ. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಪ್ರೊಪೆಲ್ಲರ್ ನೀರು ತಳ್ಳುತ್ತಿದ್ದರಷ್ಟೇ ಚುಕ್ಕಾಣಿ ಕೆಲಸ ಮಾಡುತ್ತದೆ. ತಿರುವಿನಲ್ಲಿ ಗಾಬರಿಯಾಗಿ ಎಂಜಿನ್ ತಗ್ಗಿಸಿದವರು ದಡಕ್ಕೆ ಬಡಿಯುವುದು ಇದಕ್ಕೇ. ಎದುರಿನಿಂದ ದೋಣಿ ಬಂದರೆ ನೀವು ಬಲಕ್ಕೆ ಸರಿಯಿರಿ. ಡಿಕ್ಕಿಯಾಗುವಂತಿದ್ದರೆ ಆಗಲಿ, ಹದಿನೈದು ಟನ್ನಿನ ಆಸುಪಾಸಿನ ಉಕ್ಕಿನ ದೋಣಿಯನ್ನು ಕೈಕಾಲು ಕೊಟ್ಟು ತಡೆಯಲು ಮಾತ್ರ ಹೋಗಬೇಡಿ.

ಪ್ರಶ್ನೆ: ಹೋಗುತ್ತಿದ್ದ ಹಾಗೇ ಎಂಜಿನ್ ಏದುಸಿರು ಬಿಡುತ್ತದೆ, ದೋಣಿ ನಡುಗುತ್ತದೆ, ಮುಂದೆ ಸಾಗುವುದಿಲ್ಲ. ಹಾಗಾದರೆ ಏನು ಮಾಡಬೇಕು?

ಉತ್ತರ: ಪ್ರೊಪೆಲ್ಲರ್‌ಗೆ ಏನೋ ಸುತ್ತಿಕೊಂಡಿದೆ: ಪ್ಲಾಸ್ಟಿಕ್ ಚೀಲ, ಹಳೇ ಬಟ್ಟೆ, ಹಗ್ಗ, ಕಳೆ. ಮೊದಲು ಕೆಲ ಕ್ಷಣ ರಿವರ್ಸ್ ಹಾಕಿ ನೋಡಿ. ಎಲೆ, ಕಳೆಯಾದರೆ ಬಿಚ್ಚಿಕೊಳ್ಳುತ್ತದೆ. ಆಗದಿದ್ದರೆ ದೋಣಿಯನ್ನು ದಡಕ್ಕೆ ಕಟ್ಟಿ, ಎಂಜಿನ್ ನಿಲ್ಲಿಸಿ, ಬೀಗದ ಕೈ ತೆಗೆದು ನಿಮ್ಮ ಜೇಬಿಗೇ ಹಾಕಿಕೊಳ್ಳಿ. ಹಿಂಭಾಗದ ಡೆಕ್‌ನ ಹಲಗೆಯಡಿ ‘ವೀಡ್ ಹ್ಯಾಚ್’ ಎಂಬ ಪೆಟ್ಟಿಗೆಯಂಥ ಬಾಯಿ ಇದೆ. ಅದರ ಮುಚ್ಚಳ ಬಿಚ್ಚಿ ಕೈ ಇಳಿಸಿ, ಚಾಕುವಿನಿಂದ ಕತ್ತರಿಸಿ ತೆಗೆಯಬೇಕು. ದಪ್ಪ ಕೈಗವಸು ಹಾಕಿಕೊಳ್ಳಿ, ತಂತಿಯೂ ಇರಬಹುದು. ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸಿ ಬಿಗಿ ಮಾಡುವುದು ಎಲ್ಲಕ್ಕಿಂತ ಮುಖ್ಯ. ಸಡಿಲವಾಗಿ ಬಿಟ್ಟು ಎಂಜಿನ್ ಓಡಿಸಿದರೆ ಪ್ರೊಪೆಲ್ಲರ್ ಎಬ್ಬಿಸಿದ ನೀರು ಎಂಜಿನ್ ಕೋಣೆಗೆ ತುಂಬಿ ದೋಣಿ ಮುಳುಗಿಬಿಡುತ್ತದೆ. ಎಂಜಿನ್ ಶುರು ಮಾಡಿ ಮುಚ್ಚಳದ ಅಂಚಲ್ಲಿ ನೀರು ಜಿನುಗುತ್ತಿಲ್ಲ ಎಂದು ಖಚಿತವಾದ ಮೇಲೆ ಹೊರಡಿ.

ಪ್ರಶ್ನೆ: ಲ್ಯಾಂಗೋಲನ್ ದಾರಿಯ ಎತ್ತರದ ಮೇಲ್ಗಾಲುವೆಯ ಬಗ್ಗೆ ತಿಳಿಸಿ. ಎತ್ತರ ಕಂಡರೆ ತಲೆ ಸುತ್ತುವವರು ಏನು ಮಾಡಬೇಕು?

ಉತ್ತರ: ಅದು ಪಾಂಟ್‌ಕಸಲ್ತೆ, 1805ರಲ್ಲಿ ತೆರೆದದ್ದು. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿದ್ದು. ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ, 307 ಮೀಟರ್ ಉದ್ದ, ಡೀ ನದಿಯಿಂದ 38 ಮೀಟರ್ ಎತ್ತರ. ಕಾಲುದಾರಿಯ ಬದಿಗೆ ಮಾತ್ರ ಕಂಬಿ ಇದೆ. ಇನ್ನೊಂದು ಬದಿಯಲ್ಲಿ ತೊಟ್ಟಿಯ ಅಂಚು ನೀರಿಗಿಂತ ಕೆಲವೇ ಇಂಚು ಮೇಲಿದ್ದು, ಅದರಾಚೆ ಬರೀ ಗಾಳಿ. ದೋಣಿ ಆ ಕಡೆಗೆ ಬೀಳಲು ಸಾಧ್ಯವಿಲ್ಲ, ತೊಟ್ಟಿಯೇ ಅದನ್ನು ಹಿಡಿದಿಟ್ಟಿರುತ್ತದೆ. ಬೀಳುವುದಾದರೆ ದೋಣಿಯ ಅಂಚಿನಲ್ಲಿ ನಿಂತ ಮನುಷ್ಯರೇ. ಆದ್ದರಿಂದ ಮಕ್ಕಳು ದೋಣಿಯ ಒಳಗಿರಲಿ, ಚಾವಣಿಯ ಮೇಲೆ ಯಾರೂ ಬೇಡ. ತಲೆ ಸುತ್ತುವವರು ಒಳಗೆ ಕಾಲುದಾರಿಯ ಬದಿಯ ಕಿಟಕಿ ಹತ್ತಿರ ಕೂರಲಿ, ಅಲ್ಲಿಂದ ಕಂಬಿ, ನಡೆಯುವ ಜನರ ಕಾಲು ಕಾಣುತ್ತವೆ. ಎರಡು ದೋಣಿ ಅಕ್ಕಪಕ್ಕ ಹಿಡಿಸುವುದಿಲ್ಲ, ಎದುರಿನಿಂದ ಯಾರೂ ಬರುತ್ತಿಲ್ಲವೆಂದು ನೋಡಿಕೊಂಡೇ ಮೂತಿಯನ್ನು ಒಳಗಿಡಿ. ಇದನ್ನು ದಾಟಿ ಲ್ಯಾಂಗೋಲನ್ ಮುಟ್ಟುವ ಮೊದಲಿನ ಇಕ್ಕಟ್ಟಿನ ಭಾಗಗಳಲ್ಲಿ ತಿರುವಿನಾಚೆಯದು ಕಾಣುವುದಿಲ್ಲ. ಅಲ್ಲಿ ಒಬ್ಬರು ದಡಕ್ಕಿಳಿದು ಫೋನ್ ಹಿಡಿದು ಮುಂದೆ ನಡೆದುಹೋಗಿ, ದಾರಿ ಖಾಲಿ ಇದೆ ಎಂದ ಮೇಲೆ ದೋಣಿ ಬಿಡಿ.