ಟೆಂಟ್ ಒಳಗೆ ಒದ್ದೆ: ಸೋರಿಕೆ ಅಲ್ಲ, ಉಸಿರಿನ ಹನಿ

ಹಿಮಾಚಲದ ಹಂಪ್ಟಾ ಪಾಸ್ ಚಾರಣದ ದಾರಿಯ ಬಾಲು ಕಾ ಘೇರಾ ಕ್ಯಾಂಪಿನಲ್ಲಿ ಮಳೆ ಬಾರದಿದ್ದರೂ ಟೆಂಟ್ ಒಳಬದಿ ಒದ್ದೆ, ಸ್ಲೀಪಿಂಗ್ ಬ್ಯಾಗಿನ ಕಾಲ ತುದಿ ತೇವ ಅಂದಿದ್ದೀರಿ. ಇದು ಬಹುಶಃ ನಿಮ್ಮ ಉಸಿರಿನದ್ದೇ ನೀರು. ಇಬ್ಬರು ಮಲಗಿದರೆ ರಾತ್ರಿಯಲ್ಲಿ ಸುಮಾರು ಒಂದು ಲೋಟದಷ್ಟು ನೀರು ಉಸಿರಲ್ಲೇ ಹೊರಬರುತ್ತದೆ. ಟೆಂಟಿನ ತಣ್ಣಗಿನ ಬಟ್ಟೆಗೆ ತಾಗಿ ಅದು ಹನಿಯಾಗುತ್ತದೆ.

ಮೊದಲು ಹನಿ ಎಲ್ಲಿದೆ ನೋಡಿ. ಮೇಲೆಲ್ಲ ಸಣ್ಣ ಹನಿ ಹರಡಿದ್ದರೆ ಉಸಿರಿನದ್ದು. ಮಳೆ ಬಂದ ರಾತ್ರಿ ಮಾತ್ರ, ಅದೂ ಹೊಲಿಗೆಯ ಗೆರೆಯಲ್ಲೇ ಕಂಡರೆ ಸೋರಿಕೆಯೂ ಇರಬಹುದು. ಆಗ ಮನೆಯಲ್ಲಿ ಟೆಂಟ್ ಹಾಕಿ, ಮೇಲೆ ನೀರು ಸುರಿದು ನೋಡಿ, ಸೋರುವ ಹೊಲಿಗೆಗೆ ಸೀಮ್ ಸೀಲರ್ (ಹೊಲಿಗೆ ಮುಚ್ಚುವ ಅಂಟು) ಹಚ್ಚಿ.

ಜಾಗ ಹುಡುಕುವಾಗ ಹೊಳೆ ದಡದ ತಗ್ಗು ಬಿಡಿ. ತಣ್ಣನೆ ಗಾಳಿ ಇಳಿದು ಅಲ್ಲೇ ನಿಲ್ಲುತ್ತದೆ. ಸ್ವಲ್ಪ ಮೇಲಿನ ಸಮತಟ್ಟು ಸಾಕು, ಆದರೆ ಕಲ್ಲು ಉರುಳುವ ಇಳಿಜಾರಿನ ಬುಡ ಬೇಡವೇ ಬೇಡ. ಟೆಂಟಿನ ಹೊರ ಪದರವನ್ನು ಒಳ ಪದರಕ್ಕೆ ತಾಗದ ಹಾಗೆ ಬಿಗಿಯಾಗಿ ಎಳೆದು ಕಟ್ಟಿ. ಮಲಗುವಾಗ ವೆಂಟ್ (ಗಾಳಿಕಿಂಡಿ) ತೆರೆದಿಡಿ, ಬಾಗಿಲ ಜಿಪ್ ಮೇಲ್ಗಡೆ ಒಂದು ಗೇಣು ಬಿಡಿ. ಚಳಿಗೆ ಎಲ್ಲ ಮುಚ್ಚಬೇಕು ಅನ್ನಿಸುತ್ತದೆ, ಅಲ್ವಾ? ಮುಚ್ಚಿದಷ್ಟೂ ಒದ್ದೆ ಜಾಸ್ತಿ. ಒದ್ದೆ ಸಾಕ್ಸ್ ಒಳಗೆ ಒಣಹಾಕಬೇಡಿ. ಸ್ಟವ್ ಅಂತೂ ಒಳಗೆ ಹಚ್ಚಲೇಬೇಡಿ. ತೇವದ ಮಾತು ಬಿಡಿ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ.

ಬೆಳಿಗ್ಗೆ ಹನಿಯನ್ನು ಬಟ್ಟೆಯಿಂದ ಒರೆಸಿಯೇ ಮಡಚಿ. ಮುಂದಿನ ಕ್ಯಾಂಪ್ ಶಿಯಾ ಗೋರುವಿನಲ್ಲಿ ಚಳಿ ಕಡುಕಷ್ಟ. ಗರಿ ತುಂಬಿದ ಸ್ಲೀಪಿಂಗ್ ಬ್ಯಾಗ್ ಒದ್ದೆಯಾದರೆ ಬೆಚ್ಚಗಿಡುವುದಿಲ್ಲ. ಹಾಗಾಗಿ ದಾರಿಯಲ್ಲಿ ಬಿಸಿಲು ಸಿಕ್ಕ ಕಡೆ ಅರ್ಧ ಗಂಟೆ ಬ್ಯಾಗನ್ನು ಒಳಮೈ ಹೊರಗೆ ಮಾಡಿ ಬಂಡೆ ಮೇಲೆ ಹರಡಿ.