ಗೋವಾ ಎದುರಿನ ಸಮುದ್ರದಲ್ಲಿ ಗ್ಯಾಸ್ ಹೈಡ್ರೇಟ್ ಕರಗಿದರೆ ತಳದ ಇಳಿಜಾರು ಕುಸಿಯುತ್ತಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇವೆ. ಸಮುದ್ರದಡಿಯ ‘ಉರಿಯುವ ಮಂಜುಗಡ್ಡೆ’, ಅಂದರೆ ಗ್ಯಾಸ್ ಹೈಡ್ರೇಟ್, ಕರಗಿ, ಇಳಿಜಾರು ಜಾರಿ, ವಾಸ್ಕೋದ ಬೈನಾ ದಡಕ್ಕೆ ಸುನಾಮಿ ಬರುತ್ತೆ ಅನ್ನೋ ವಿಡಿಯೋ ನಿಜವಾ? ಮುಂಬೈ ಹೈ ತೈಲ ಪ್ಲಾಟ್‌ಫಾರ್ಮ್‌ಗಳ ಕೆಳಗೂ ಅದು ಇದೆಯಾ?

ಎರಡನೆಯದಕ್ಕೆ ಉತ್ತರ ಸುಲಭ: ಇಲ್ಲ. ಮೀಥೇನ್ ನೀರಿನ ಜೊತೆ ಸೇರಿ ಹೈಡ್ರೇಟ್ ಆಗಿ ಉಳಿಯೋಕೆ 4 ಡಿಗ್ರಿ ತಣ್ಣನೆಯ ನೀರಲ್ಲೂ ಸುಮಾರು 40 ಬಾರ್ ಒತ್ತಡ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಬೇಕು, ಅಂದರೆ 400 ಮೀಟರ್ ಆಳ. ನಮ್ಮ ಅರಬ್ಬೀ ಸಮುದ್ರ ಬೆಚ್ಚಗಿನದು, ಇಲ್ಲಿ ಅಷ್ಟು ಸಾಲದು. 10 ಡಿಗ್ರಿಗೆ ಲೆಕ್ಕ ಹಾಕಿದರೆ 75 ಬಾರ್ ಆಸುಪಾಸು ಬರುತ್ತೆ, ಆಳ 700–800 ಮೀಟರ್. ಮುಂಬೈ ಹೈನಲ್ಲಿ ನೀರು 75–80 ಮೀಟರ್ ಅಷ್ಟೇ. ಪನ್ವೇಲ್‌ನಲ್ಲಿ ಓಎನ್‌ಜಿಸಿಯ ಹೈಡ್ರೇಟ್ ಸಂಶೋಧನಾ ಕೇಂದ್ರ ಇರೋದು ನಿಜ, ಆದರೆ ಅದು ಅಧ್ಯಯನ ಮಾಡೋ ಹೈಡ್ರೇಟ್ ಪೂರ್ವ ಕರಾವಳಿಯದು. 2006ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಕೊರೆದಾಗ ಕೃಷ್ಣಾ-ಗೋದಾವರಿ ಜಲಾನಯನದ ಒಂದೇ ಜಾಗದಲ್ಲಿ ಸುಮಾರು 130 ಮೀಟರ್ ದಪ್ಪದ ಹೈಡ್ರೇಟ್ ಪದರ ಸಿಕ್ಕಿತು. ನಮ್ಮ ಕಡೆಯ ಕೇರಳ-ಕೊಂಕಣ ಜಾಗದಲ್ಲಿ ಹೈಡ್ರೇಟ್ ಸಿಗಲಿಲ್ಲ.

ಇನ್ನು ಕುಸಿತ. ಮಳೆಗಾಲದಲ್ಲಿ ಅನಮೋಡ್ ಘಟ್ಟದಲ್ಲಿ ಗುಡ್ಡ ಜರಿಯೋದು ಮಣ್ಣು ಭಾರ ಆಯಿತು ಅಂತ ಮಾತ್ರ ಅಲ್ಲ. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ, ಕಣಗಳು ಒಂದಕ್ಕೊಂದು ಒತ್ತಿ ಹಿಡಿಯೋ ಬಲ ತಗ್ಗುತ್ತೆ. ಸಮುದ್ರದ ತಳದಲ್ಲೂ ಅದೇ ಕಥೆ, ಅಲ್ಲಿ ಮಳೆಯ ಕೆಲಸ ಗ್ಯಾಸ್ ಮಾಡಬಹುದು.

ಒಂದು ಲೆಕ್ಕ ನೋಡಿ. ಇಳಿಜಾರು 3 ಡಿಗ್ರಿ, ಜೇಡಿಯ ಘರ್ಷಣೆ ಕೋನ (ಕಣಗಳ ಘರ್ಷಣೆಯೊಂದೇ ಹಿಡಿದು ನಿಲ್ಲಿಸಬಲ್ಲ ಗರಿಷ್ಠ ಇಳಿಜಾರು) 25 ಡಿಗ್ರಿ ಅಂತಿಟ್ಟುಕೊಳ್ಳಿ. ಟ್ಯಾನ್ 25ನ್ನು ಟ್ಯಾನ್ 3ರಿಂದ ಭಾಗಿಸಿದರೆ ಸುರಕ್ಷತಾ ಅಂಶ (ಹಿಡಿಯೋ ಬಲ ಜಾರಿಸೋ ಬಲದ ಎಷ್ಟು ಪಟ್ಟು ಅನ್ನೋದು) ಸುಮಾರು 8.9. ಇದು 1ಕ್ಕೆ ಇಳಿದರೆ ಜಾರುತ್ತೆ. ಹಾಗಾಗಬೇಕಾದರೆ ಮೇಲಿನ ಹೂಳಿನ ನಿವ್ವಳ ಭಾರದ ಸುಮಾರು 89 ಶೇಕಡಾವನ್ನು ಹೆಚ್ಚುವರಿ ನೀರಿನ ಒತ್ತಡವೇ ಹೊರಬೇಕು. 100 ಮೀಟರ್ ಹೂಳಿನಡಿ, ಮುಳುಗಿದ ಭಾರ ಘನ ಮೀಟರಿಗೆ 7 ಕಿಲೋನ್ಯೂಟನ್ ಅಂತ ಹಿಡಿದರೆ, ಅದು ಸುಮಾರು 620 ಕಿಲೋಪಾಸ್ಕಲ್. ಲಾರಿ ಟೈರಿಗೆ ಹೊಡೆಸೋ ಗಾಳಿಗಿಂತ ಸ್ವಲ್ಪ ಕಡಿಮೆ! ಕೇಳೋಕೆ ಸಣ್ಣದು, ಆದರೆ ಅಷ್ಟು ಒತ್ತಡ ಸೋರಿಹೋಗದೆ ನೂರಾರು ಎಕರೆ ತಳದಲ್ಲಿ ಒಟ್ಟಿಗೆ ಕೂರಬೇಕು. ಸಮಸ್ಯೆ ಅಲ್ಲೇ.

ಗ್ಯಾಸ್ ಅಷ್ಟು ಒತ್ತಡ ತರುತ್ತಾ? ಒಂದು ಘನ ಮೀಟರ್ ಹೈಡ್ರೇಟ್ ಒಡೆದರೆ ಮೇಲಿನ ಹವೆಯಲ್ಲಿ ಸುಮಾರು 164 ಘನ ಮೀಟರ್ ಮೀಥೇನ್. ವಿಡಿಯೋದವರು ಹಿಡಿದುಕೊಂಡು ಕೂತಿರೋದು ಇದೇ ಸಂಖ್ಯೆ. ಆದರೆ ಆಳದಲ್ಲಿ ಆ ಗ್ಯಾಸ್ ಹಿಸುಕಿಹೋಗಿರುತ್ತೆ. ಅರ್ಧ ಭಾಗ ರಂಧ್ರ ಇರೋ ಒಂದು ಘನ ಮೀಟರ್ ಕೆಸರಿನಲ್ಲಿ ಆ ರಂಧ್ರಗಳ 5 ಶೇಕಡಾ ಹೈಡ್ರೇಟ್ ಅಂದರೆ 25 ಲೀಟರ್. ಅದು ಒಡೆದರೆ 75 ಬಾರ್‌ನಲ್ಲಿ ಗ್ಯಾಸ್, ನೀರು ಎರಡೂ ಸೇರಿ ಸುಮಾರು 70 ಲೀಟರ್. 110 ಬಾರ್‌ನಲ್ಲಿ ಸುಮಾರು 50. ಆದ್ದರಿಂದ ಚಿಂತಿಸಬೇಕಾದ್ದು ಹೈಡ್ರೇಟ್ ವಲಯದ ಮೇಲಂಚು, ಅಂದರೆ ನೀರಿನ ಆಳ ಕಡಿಮೆ ಇರೋ ದಡದ ಕಡೆಯ ತುದಿ. ಅಲ್ಲಿ ಉಬ್ಬುವಿಕೆ ಹೆಚ್ಚು, ಪದರ ತೆಳು, ನೀರು ಬೆಚ್ಚಗಾದರೆ ಮೊದಲು ತಟ್ಟೋದೂ ಅದಕ್ಕೇ.

ಆದರೂ ಇದು ಪಟಾಕಿಯಲ್ಲ. ಹೈಡ್ರೇಟ್ ಒಡೆಯೋಕೆ ಸುತ್ತಲಿನ ಶಾಖ ಹೀರುತ್ತೆ, ಒಡೆದಾಗ ಒತ್ತಡ ಏರಿದರೆ ಒಡೆಯೋದು ತಾನಾಗೇ ನಿಧಾನಿಸುತ್ತೆ. ಮೇಲಿನ ನೀರಿನ ಬಿಸಿ ಕೆಸರಿನೊಳಗೆ 100 ವರ್ಷಕ್ಕೆ ಹೋಗೋದು ಸುಮಾರು 35 ಮೀಟರ್. ಮರಳಾಗಿದ್ದರೆ ಅಷ್ಟರಲ್ಲಿ ಒತ್ತಡ ಸೋರಿಹೋಗಿರುತ್ತೆ. ನುಣ್ಣನೆ ಜೇಡಿಯಾದರೆ ಸಿಕ್ಕಿಹಾಕಿಕೊಳ್ಳುತ್ತೆ. ನನ್ನ ಮಟ್ಟಿಗೆ ‘ಹೈಡ್ರೇಟ್ ಎಷ್ಟಿದೆ’ ಅನ್ನೋದಕ್ಕಿಂತ ‘ನೀರು ಹೊರಗೆ ಹೋಗೋ ದಾರಿ ಇದೆಯಾ’ ಅನ್ನೋದೇ ಮೊದಲ ಪ್ರಶ್ನೆ.

ನಾರ್ವೆಯ ಸ್ಟೊರೆಗ್ಗಾ ಕುಸಿತವನ್ನು ಎಲ್ಲರೂ ಉದಾಹರಣೆ ಕೊಡ್ತಾರೆ: ಸುಮಾರು 8,200 ವರ್ಷ ಹಿಂದೆ, ಸುಮಾರು 3,000 ಘನ ಕಿಲೋಮೀಟರ್. ಮೊದಲು ಹೈಡ್ರೇಟ್ ಮೇಲೆ ಬೆರಳು ತೋರಿಸಿದರು. ಆಮೇಲೆ ಅಲ್ಲೇ ಓರ್ಮೆನ್ ಲಾಂಗೆ ಅನ್ನೋ ನಿಕ್ಷೇಪದಿಂದ ಗ್ಯಾಸ್ ತೆಗೆಯೋಕೆ ಮುಂಚೆ ವಿವರವಾಗಿ ಪರೀಕ್ಷಿಸಿದಾಗ, ಹಿಮನದಿ ಬೇಗ ಬೇಗ ತಂದು ಸುರಿದ ಹೂಳು, ಅದರಡಿ ಸಿಕ್ಕಿಬಿದ್ದ ನೀರಿನ ಒತ್ತಡ, ಮೇಲೊಂದು ಭೂಕಂಪ, ಇವೇ ಮುಖ್ಯ ಕಾರಣ ಅಂತ ತೀರ್ಮಾನ ಆಯಿತು.

ಪರೀಕ್ಷೆಯಲ್ಲಿ ಎಡವಟ್ಟಾಗೋದು ಎಲ್ಲಿ ಅಂದರೆ, ಸೀಸ್ಮಿಕ್ ಚಿತ್ರದಲ್ಲಿ (ಧ್ವನಿ ಅಲೆ ಬಿಟ್ಟು, ಅದರ ಪ್ರತಿಧ್ವನಿಯಿಂದ ಬಿಡಿಸಿದ ತಳದ ಚಿತ್ರ) ತಳಕ್ಕೆ ಸಮಾನಾಂತರವಾಗಿ ಕಾಣೋ ಬಿಎಸ್‌ಆರ್ ಗೆರೆಯನ್ನೇ ಹೈಡ್ರೇಟ್ ಅಂದುಕೊಳ್ಳೋದು. ಅದು ಸಾಮಾನ್ಯವಾಗಿ ಹೈಡ್ರೇಟ್ ವಲಯದ ಕೆಳಗೆ ಬಿಡಿ ಗ್ಯಾಸ್ ಶುರುವಾಗೋ ಜಾಗ. ಮೇಲೆ ಎಷ್ಟು ಹೈಡ್ರೇಟ್ ಇದೆ ಅಂತ ಅದು ಹೇಳೋದಿಲ್ಲ, ಖನಿಜ ಬದಲಾವಣೆಯೂ ಅಂಥದೇ ಗೆರೆ ಮೂಡಿಸುತ್ತೆ. ಕೋರ್ (ತಳ ಕೊರೆದು ಕೊಳವೆಯಲ್ಲಿ ತೆಗೆದ ಮಣ್ಣಿನ ಕಂಬ) ಮೇಲೆ ತಂದ ತಕ್ಷಣ ಡೆಕ್ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿಯಬೇಕು: ಹೈಡ್ರೇಟ್ ಒಡೆಯುತ್ತಿರೋ ಕಡೆ ಕೊಳವೆ ತಣ್ಣಗೆ ಕಾಣುತ್ತೆ. ಆಮೇಲೆ ರಂಧ್ರದ ನೀರಿನ ಕ್ಲೋರೈಡ್ ಅಳೆಯಬೇಕು. ಹೈಡ್ರೇಟ್‌ನಲ್ಲಿ ಉಪ್ಪು ಇರಲ್ಲ, ಹಾಗಾಗಿ ಕ್ಲೋರೈಡ್ 10 ಶೇಕಡಾ ಇಳಿದಿದ್ದರೆ ರಂಧ್ರಗಳ ಸುಮಾರು 10 ಶೇಕಡಾ ಹೈಡ್ರೇಟ್ ಇತ್ತು ಅಂತ ಲೆಕ್ಕ. ಮಣ್ಣಿನ ಬಲ ಮಾತ್ರ ಇಂಥ ಕೋರಿನಿಂದ ಅಳೆಯಬೇಡಿ. ಅದು ಆಗಲೇ ಗ್ಯಾಸ್ ಬಿಟ್ಟು ಅಂಬಲಿ ಆಗಿರುತ್ತೆ. ಅದಕ್ಕೆ ಆಳದ ಒತ್ತಡದಲ್ಲೇ ಮುಚ್ಚಿ ತಂದ ಪ್ರೆಷರ್ ಕೋರ್ ಬೇಕು, ತಳದಲ್ಲಿ ರಂಧ್ರದ ನೀರಿನ ಒತ್ತಡ ಅಳೆಯೋ ಪೀಜೋಮೀಟರ್ ಊರಿದ್ದರೆ ಇನ್ನೂ ಒಳ್ಳೆಯದು.

ಪಶ್ಚಿಮ ಅಂಚಿನಲ್ಲಿ ದೊಡ್ಡ ಕುಸಿತ ಆಗೇ ಇಲ್ಲ ಅಂತಲ್ಲ. ನಟರಾಜ ಕುಸಿತ ಅಂತ ಹೆಸರಿಟ್ಟಿರೋದು ಸುಮಾರು 19,000 ಘನ ಕಿಲೋಮೀಟರ್, 2015ರಲ್ಲಿ ಕೊರೆದೂ ನೋಡಿದ್ದಾರೆ, ಆದರೆ ಅದು ಒಂದು ಕೋಟಿ ವರ್ಷಕ್ಕೂ ಹಳೆಯದು. ಬೈನಾದವರು ಸುನಾಮಿ ಅಂದಾಗ ನೋಡಬೇಕಾದ ದಿಕ್ಕು ಮಕ್ರಾನ್, ಅಂದರೆ ಪಾಕಿಸ್ತಾನ-ಇರಾನ್ ಕರಾವಳಿ. 1945ರ ನವೆಂಬರ್‌ನಲ್ಲಿ ಅಲ್ಲಿನ ಭೂಕಂಪದ ಅಲೆ ಮುಂಬೈವರೆಗೂ ಬಂದಿತ್ತು. ಅಂಥದಕ್ಕೆ ಎಚ್ಚರಿಕೆ ಕೊಡೋದು ಹೈದರಾಬಾದಿನ ಇಂಕಾಯ್ಸ್, ಫೋನಿನಲ್ಲಿ ಅವರ ಸೂಚನೆ ಬರೋ ಹಾಗೆ ಮಾಡಿಟ್ಟುಕೊಳ್ಳಿ.